ಎಮ್ಯುಲೇಟರ್ ತೆವಳುತ್ತದೆ, ಸಿಮ್ಯುಲೇಟರ್ ಓಡುತ್ತದೆ, ಯಾಕೆ? ಬಳ್ಳಾರಿ–ರಾಯಚೂರು ಕಡೆಯ ಆಪ್ ಡೆವಲಪರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ಆಪ್ ಮಾಡುವವರು ಈಗ ಕಮ್ಮಿಯೇನಿಲ್ಲ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿನವರಿದ್ದಾರೆ, ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಆರ್ಡರ್ ಆಪ್ ಮಾಡಿಕೊಡುವವರಿದ್ದಾರೆ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಲೆಕ್ಕವನ್ನು ಫೋನಿಗೆ ತರುವವರಿದ್ದಾರೆ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವವರಿದ್ದಾರೆ. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದೇ: ಆಪ್ ಪರೀಕ್ಷಿಸಲು ಲ್ಯಾಪ್‌ಟಾಪಿನೊಳಗೆ ತೆರೆಯುವ ಈ ಫೋನು (ಐಫೋನಿನದಾದರೆ ಸಿಮ್ಯುಲೇಟರ್, ಆಂಡ್ರಾಯ್ಡಿನದಾದರೆ ಎಮ್ಯುಲೇಟರ್) ಯಾಕಿಷ್ಟು ನಿಧಾನ, ಅಥವಾ ಯಾಕಿಷ್ಟು ಜೋರು, ಅದರ ವೇಗವನ್ನು ಎಷ್ಟು ನಂಬಬೇಕು? ಎಲ್ಲವನ್ನೂ ಓದಬೇಕೆಂದೇನಿಲ್ಲ. ನಿಮ್ಮ ಪ್ರಶ್ನೆ ಸಿಕ್ಕಲ್ಲಿ ನಿಂತರೆ ಸಾಕು.

ಗೆಳೆಯನ ಮ್ಯಾಕ್‌ನಲ್ಲಿ ಐಫೋನ್ ಸಿಮ್ಯುಲೇಟರ್ ಸರಸರ ಓಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ ತೆವಳುತ್ತದೆ. ನನ್ನ ಮಷೀನೇ ಸರಿ ಇಲ್ಲವಾ?

ಮಷೀನಿನ ಪಾಲೂ ಇರಬಹುದು. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು, ಆ ಎರಡು ಮಾಡುವ ಕೆಲಸದಲ್ಲೇ ಇರುವ ವ್ಯತ್ಯಾಸ.

ಐಒಎಸ್ ಸಿಮ್ಯುಲೇಟರಿನ ಒಳಗೆ ಐಫೋನ್ ಎಂಬ ಯಂತ್ರವೇ ಇರುವುದಿಲ್ಲ. ಸಿಮ್ಯುಲೇಟರಿಗೆಂದು ಬಿಲ್ಡ್ ಕೊಟ್ಟಾಗ ಎಕ್ಸ್‌ಕೋಡ್ ಎಂಬ ಆಪಲ್‌ನ ಆಪ್ ತಯಾರಿಕೆಯ ತಂತ್ರಾಂಶ ನಿಮ್ಮ ಆಪನ್ನು ಮ್ಯಾಕಿನ ಪ್ರೊಸೆಸರಿಗೇ ಕಂಪೈಲ್ ಮಾಡುತ್ತದೆ, ಅಂದರೆ ಅದರ ಭಾಷೆಗೆ ತರುತ್ತದೆ. ಹಳೆಯ ಇಂಟೆಲ್ ಮ್ಯಾಕ್ ಆಗಿದ್ದರೆ ಎಕ್ಸ್86 ಕೋಡ್, ಆಪಲ್‌ನ ಸ್ವಂತ ಎಂ1 ಚಿಪ್ ಅಥವಾ ಅದರ ನಂತರದ್ದಾಗಿದ್ದರೆ ಆರ್ಮ್ ಕೋಡ್. ಇವು ಪ್ರೊಸೆಸರಿನ ಎರಡು ಜಾತಿ, ಒಂದರ ಸೂಚನೆ ಇನ್ನೊಂದಕ್ಕೆ ಅರ್ಥವಾಗದು. ಆ ಆಪ್ ಮ್ಯಾಕಿನ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮೇಲೆ, ಮ್ಯಾಕಿನ ಯಾವುದೇ ಮಾಮೂಲಿ ಪ್ರೋಗ್ರಾಮಿನಂತೆ ಓಡುತ್ತದೆ. ಸುತ್ತ ಐಒಎಸ್ ಲೈಬ್ರರಿಗಳಿರುತ್ತವೆ, ಹೊರಗೆ ಐಫೋನ್ ಆಕಾರದ ಚೌಕಟ್ಟಿರುತ್ತದೆ. ಬಯಲಾಟದಲ್ಲಿ ಭೀಮನ ವೇಷ ಕಟ್ಟಿದವನನ್ನು ನೆನೆಸಿಕೊಳ್ಳಿ. ಕಿರೀಟ, ಗದೆ ಭೀಮನವು; ಕುಣಿಯುವ ಕಾಲು ಮಾತ್ರ ಊರಿನವನದೇ.

ಆಂಡ್ರಾಯ್ಡ್ ಎಮ್ಯುಲೇಟರ್ ಹಾಗಲ್ಲ. ಕ್ಯೂಎಮು ಎಂಬ ತಂತ್ರಾಂಶದ ತಳಹದಿಯ ಮೇಲೆ ಅದು ಇಡೀ ಫೋನನ್ನೇ ಕಟ್ಟುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್, ಜಿಪಿಎಸ್, ಬ್ಯಾಟರಿ ಎಲ್ಲವೂ ಕಲ್ಪಿತ. ಅದರ ಮೇಲೆ ಆಂಡ್ರಾಯ್ಡಿನ ಸ್ವಂತ ಲಿನಕ್ಸ್ ಕರ್ನಲ್ ಬೂಟ್ ಆಗಬೇಕು, ಸಿಸ್ಟಂ ಸೇವೆಗಳು ಏಳಬೇಕು, ಪ್ಲೇ ಸ್ಟೋರ್ ಇರುವ ಇಮೇಜ್ (ಎಮ್ಯುಲೇಟರಿಗೆ ಹಾಕುವ ಆಂಡ್ರಾಯ್ಡ್ ಪ್ರತಿ) ಆದರೆ ಅದರ ಹಿನ್ನೆಲೆ ಕೆಲಸಗಳೂ ಶುರುವಾಗಬೇಕು. ನಿಮ್ಮ ಆಪಿನ ಸರದಿ ಬರುವುದು ಕೊನೆಗೆ. ವಿಂಡೋಸ್ ಒಂದು, ಆಂಡ್ರಾಯ್ಡ್ ಒಂದು, ಎರಡು ಆಪರೇಟಿಂಗ್ ಸಿಸ್ಟಮ್ಮುಗಳನ್ನು ಒಂದೇ ಲ್ಯಾಪ್‌ಟಾಪ್ ಒಟ್ಟಿಗೆ ಹೊರುತ್ತಿದೆ. ಏದುಸಿರು ಬಿಟ್ಟರೆ ತಪ್ಪೇನು?

ಹಾಗಾದರೆ ಎಮ್ಯುಲೇಟರ್ ಯಾವತ್ತಿಗೂ ನಿಧಾನವೇ?

ಇಲ್ಲ. ಆ ಕೆಟ್ಟ ಹೆಸರು ಬಂದದ್ದು ಹಳೇ ಕಾಲದಲ್ಲಿ. ಆಂಡ್ರಾಯ್ಡ್ ಶುರುವಾದ 2008ರ ಸುಮಾರಿಗೆ ಎಮ್ಯುಲೇಟರ್ ಆರ್ಮ್ ಪ್ರೊಸೆಸರನ್ನು ಅನುಕರಿಸುತ್ತಿತ್ತು. ಲ್ಯಾಪ್‌ಟಾಪಿನದು ಎಕ್ಸ್86. ಒಂದರ ಪ್ರತಿ ಸೂಚನೆಯನ್ನೂ ಇನ್ನೊಂದಕ್ಕೆ ತಂತ್ರಾಂಶದಲ್ಲೇ ಭಾಷಾಂತರಿಸಿ ಓಡಿಸಬೇಕಿತ್ತು. ಎಮ್ಯುಲೇಟರ್ ಚಾಲೂ ಮಾಡಿ ಕೆಳಗೆ ಹೋಗಿ ಒಗ್ಗರಣಿ, ಮಿರ್ಚಿ ತಿಂದು ಬಂದರೂ ಆಂಡ್ರಾಯ್ಡ್ ಎಂಬ ಅಕ್ಷರಗಳು ಮಿನುಗುತ್ತಲೇ ಇರುತ್ತಿದ್ದ ಕಾಲ ಅದು.

ಪರಿಸ್ಥಿತಿ ಬದಲಾದದ್ದು ಎರಡು ಕಾರಣಕ್ಕೆ. ಎಕ್ಸ್86ಗೆಂದೇ ಮಾಡಿದ ಆಂಡ್ರಾಯ್ಡ್ ಇಮೇಜುಗಳು ಬಂದವು, ಜೊತೆಗೆ ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸಲು ಪ್ರೊಸೆಸರಿನಲ್ಲೇ ಇರುವ ವರ್ಚುವಲೈಸೇಶನ್ ಸೌಲಭ್ಯವನ್ನು ಎಮ್ಯುಲೇಟರ್ ಬಳಸತೊಡಗಿತು. ಭಾಷಾಂತರದ ಕೆಲಸವೇ ತಪ್ಪಿತು. ಕೋಡಿನ ಬಹುಪಾಲು ನೇರವಾಗಿ ನಿಮ್ಮ ಪ್ರೊಸೆಸರಿನ ಮೇಲೆ ಓಡುತ್ತದೆ. 2017ರ ಡಿಸೆಂಬರಿನಲ್ಲಿ ಕ್ವಿಕ್ ಬೂಟ್ ಬಂತು. ಎಮ್ಯುಲೇಟರ್ ಮುಚ್ಚುವಾಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ, ಮುಂದಿನ ಸಲ ಅಲ್ಲಿಂದಲೇ ಎಬ್ಬಿಸುವುದು ಅದರ ಕೆಲಸ. 6 ಸೆಕೆಂಡಿನೊಳಗೆ ಏಳುತ್ತದೆ ಎಂಬುದು ಆಗ ಗೂಗಲ್ ಹೇಳಿದ ಮಾತು. ಒಳ್ಳೆಯ ಎಸ್‌ಎಸ್‌ಡಿ ಇದ್ದರೆ ಅದು ಉತ್ಪ್ರೇಕ್ಷೆಯೇನಲ್ಲ. 2020ರ ನವೆಂಬರಿನಲ್ಲಿ ಬಂದ ಎಂ1 ಮ್ಯಾಕುಗಳಲ್ಲಂತೂ ಲ್ಯಾಪ್‌ಟಾಪಿನದೂ ಆರ್ಮ್, ಆಂಡ್ರಾಯ್ಡ್ ಇಮೇಜಿನದೂ ಆರ್ಮ್. ಅಲ್ಲಿ ಸಿಮ್ಯುಲೇಟರಿಗೂ ಎಮ್ಯುಲೇಟರಿಗೂ ಕೈಗೆ ತಾಕುವ ಅಂತರ ತೀರಾ ಕಡಿಮೆ.

ಇವತ್ತು ಸಾಧಾರಣ ಲ್ಯಾಪ್‌ಟಾಪಿನಲ್ಲೂ ಎಮ್ಯುಲೇಟರ್ ಅಸಹನೀಯವಾಗಿ ತೆವಳುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ವರ್ಚುವಲೈಸೇಶನ್ ಆಫ್ ಆಗಿದೆ ಎಂದು.

ಅದು ಆನ್ ಇದೆಯೋ ಇಲ್ಲವೋ ಎಲ್ಲಿ ನೋಡುವುದು?

ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಸಿಪಿಯು ಒತ್ತಿ. ವರ್ಚುವಲೈಸೇಶನ್ ಎನೇಬಲ್ಡ್ ಎಂದಿರಬೇಕು. ಇಲ್ಲದಿದ್ದರೆ ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಬಯೋಸ್ ಸೆಟ್ಟಿಂಗಿಗೆ ಹೋಗಬೇಕು. ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ವಿಟಿ-ಎಕ್ಸ್ ಎಂದೋ ವರ್ಚುವಲೈಸೇಶನ್ ಟೆಕ್ನಾಲಜಿ ಎಂದೋ ಇರುತ್ತದೆ, ಎಎಂಡಿಯಲ್ಲಿ ಎಸ್‌ವಿಎಂ ಮೋಡ್. ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ಕೊಂಡವರು ಇದನ್ನು ತಪ್ಪದೆ ನೋಡಿ. ಅಂಥವುಗಳಲ್ಲಿ ಇದು ಆಫ್ ಆಗಿರುವುದು ಅಪರೂಪವಲ್ಲ.

ಬಯೋಸ್ ಒಂದೇ ಸಾಲದು, ಆ ಸೌಲಭ್ಯವನ್ನು ಬಳಸಿಕೊಡುವ ಹೈಪರ್‌ವೈಸರ್ ಎಂಬ ತಂತ್ರಾಂಶ ಕೂಡ ವಿಂಡೋಸಿನಲ್ಲಿ ಬೇಕು. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಟಿಕ್ ಮಾಡಬಹುದು, ಇಲ್ಲವೇ ಆಂಡ್ರಾಯ್ಡ್ ಸ್ಟುಡಿಯೋದ ಎಸ್‌ಡಿಕೆ ಮ್ಯಾನೇಜರಿನಿಂದ ಆಂಡ್ರಾಯ್ಡ್ ಎಮ್ಯುಲೇಟರ್ ಹೈಪರ್‌ವೈಸರ್ ಡ್ರೈವರ್ ಹಾಕಿಕೊಳ್ಳಬಹುದು. ಡಬ್ಲ್ಯುಎಸ್‌ಎಲ್2 (ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಅಥವಾ ಹೈಪರ್-ವಿ ಬಳಸುವವರಿಗೆ ಮೊದಲನೆಯದು ಹೊಂದುತ್ತದೆ. ಲಿನಕ್ಸಿನಲ್ಲಿ ಅದರದೇ ಹೈಪರ್‌ವೈಸರ್ ಆದ ಕೆವಿಎಂ ಇರಬೇಕು, ನಿಮ್ಮ ಯೂಸರ್ ಕೆವಿಎಂ ಗುಂಪಿನಲ್ಲಿರಬೇಕು. ಮ್ಯಾಕಿನಲ್ಲಿ ಏನೂ ಮಾಡಬೇಕಿಲ್ಲ. ಎಲ್ಲ ಆದ ಮೇಲೆ ಟರ್ಮಿನಲ್ಲಿನಲ್ಲಿ ಎಮ್ಯುಲೇಟರ್ ಕಮಾಂಡನ್ನು ಆಕ್ಸೆಲ್-ಚೆಕ್ (emulator -accel-check) ಆಯ್ಕೆಯೊಂದಿಗೆ ಓಡಿಸಿದರೆ ವೇಗವರ್ಧನೆ ಸಿಗುತ್ತಿದೆಯೋ ಇಲ್ಲವೋ ಅದೇ ಹೇಳುತ್ತದೆ.

ಒಂದು ಎಚ್ಚರಿಕೆ. ಯೂಟ್ಯೂಬಿನ ಹಳೆಯ ವಿಡಿಯೋಗಳೆಲ್ಲ ಇಂಟೆಲ್‌ನ ಹ್ಯಾಕ್ಸ್‌ಎಂ ಎಂಬ ವೇಗವರ್ಧಕ ಡ್ರೈವರ್ ಹಾಕಿ ಎನ್ನುತ್ತವೆ. ಇಂಟೆಲ್ 2023ರ ಆರಂಭದಲ್ಲೇ ಅದರ ಕೆಲಸ ನಿಲ್ಲಿಸಿದೆ. ಅದರ ಹಿಂದೆ ಬೀಳಬೇಡಿ.

8 ಜಿಬಿ ರ್‍ಯಾಮ್ ಇದೆ. ಸಾಕಾಗುತ್ತಾ?

ಎಮ್ಯುಲೇಟರ್ ಓಡುತ್ತದೆ, ನಿಮ್ಮ ತಾಳ್ಮೆ ಓಡುವುದಿಲ್ಲ. ವಿಂಡೋಸ್, ಆಂಡ್ರಾಯ್ಡ್ ಸ್ಟುಡಿಯೋ, ಆಪ್ ಬಿಲ್ಡ್ ಮಾಡುವ ಗ್ರೇಡಲ್, ಹತ್ತಾರು ಟ್ಯಾಬಿನ ಕ್ರೋಮ್, ಇವಿಷ್ಟಕ್ಕೇ 8 ಜಿಬಿ ತುಂಬಿ ಹೋಗುತ್ತದೆ. ಅದರ ಮೇಲೆ ಎಮ್ಯುಲೇಟರಿಗೆ 2 ಜಿಬಿ ಕೊಟ್ಟರೆ ವಿಂಡೋಸ್ ಡಿಸ್ಕಿಗೆ ಸ್ವಾಪ್ ಮಾಡಲು ಶುರು ಮಾಡುತ್ತದೆ. ಆಗ ನಿಮಗೆ ಕಾಣುವ ನಿಧಾನ ಎಮ್ಯುಲೇಟರಿನದಲ್ಲ, ಡಿಸ್ಕಿನದು. 16 ಜಿಬಿ ಇದ್ದರೆ ನೆಮ್ಮದಿ.

ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡುವ ಮೊದಲು ಮೂರು ಕೆಲಸ ಮಾಡಿ ನೋಡಿ. ಹಾರ್ಡ್ ಡಿಸ್ಕ್ ಇನ್ನೂ ತಿರುಗುವ ಜಾತಿಯದಾಗಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಖರ್ಚಿಗೆ ತಕ್ಕ ಲಾಭ ಇದರಲ್ಲಿರುವಷ್ಟು ಬೇರೆಲ್ಲೂ ಇಲ್ಲ. ಎಮ್ಯುಲೇಟರಿಗೆ ಇಮೇಜ್ ಆರಿಸುವಾಗ ಪ್ಲೇ ಸ್ಟೋರ್ ಬೇಡವಾದರೆ ಅದಿಲ್ಲದ ಹಗುರ ಇಮೇಜ್ ತೆಗೆದುಕೊಳ್ಳಿ, ಪರದೆಯ ರೆಸಲ್ಯೂಶನ್ ಕಡಿಮೆ ಇರುವ ಫೋನ್ ಆರಿಸಿ. ಮೂರನೆಯದು, ಎಮ್ಯುಲೇಟರನ್ನೇ ಬಿಟ್ಟು ನಿಮ್ಮ ಜೇಬಿನಲ್ಲಿರುವ ಫೋನನ್ನು ಯುಎಸ್‌ಬಿ ಕೇಬಲ್ಲಿಗೆ ಹಾಕಿ. ಕಲಿಯುವವರಿಗೆ ನಾನು ಹೇಳುವುದು ಇದೊಂದನ್ನೇ. ಆದರೆ ಯಾಕೋ ಎಲ್ಲರಿಗೂ ಪರದೆಯ ಮೇಲೆ ಪಿಕ್ಸೆಲ್ ಫೋನಿನ ಚಿತ್ರವೇ ಬೇಕು.

ಕರೆಂಟ್ ಹೋದ ಕೂಡಲೇ ಎಮ್ಯುಲೇಟರ್ ಮಂಕಾಗುತ್ತದೆ. ನನ್ನ ಭ್ರಮೆಯಾ?

ಭ್ರಮೆಯಲ್ಲ. ಚಾರ್ಜರ್ ಕಳಚಿದಂತೆಯೇ ಬಹಳಷ್ಟು ಲ್ಯಾಪ್‌ಟಾಪುಗಳು ಬ್ಯಾಟರಿ ಉಳಿಸಲು ಪ್ರೊಸೆಸರಿನ ವೇಗವನ್ನು ಇಳಿಸುತ್ತವೆ. ಬ್ರೌಸರಿನಲ್ಲಿ ಅದು ಗೊತ್ತಾಗುವುದಿಲ್ಲ, ಎಮ್ಯುಲೇಟರಿನಲ್ಲಿ ತಕ್ಷಣ ಗೊತ್ತಾಗುತ್ತದೆ. ರಾಯಚೂರಿನ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರದ ಚಿಮಣಿಯ ಹೊಗೆ ಕಾಣುವಷ್ಟು ಹತ್ತಿರ ಮನೆ ಮಾಡಿಕೊಂಡವರಿಗೂ ಕರೆಂಟ್ ಹೋಗುವುದು ತಪ್ಪಿಲ್ಲ, ಹಾಗಾಗಿ ಪವರ್ ಮೋಡ್ ಸೆಟ್ಟಿಂಗನ್ನು ಬ್ಯಾಟರಿಗೂ ಬೇರೆಯಾಗಿ ಬದಲಿಸಿಕೊಳ್ಳಿ. ಇನ್ವರ್ಟರ್ ಮೇಲಿರುವ ಮನೆಯಾದರೆ ಚಾರ್ಜರ್ ಹಾಕಿಯೇ ಇಡಿ, ಲ್ಯಾಪ್‌ಟಾಪಿಗೆ ಅದೂ ಮೇನ್ಸ್ ಕರೆಂಟೇ.

ಡೆಸ್ಕ್‌ಟಾಪಿನವರಿಗೆ ಇನ್ನೊಂದು ತೊಂದರೆ. ಯುಪಿಎಸ್ ಇಲ್ಲದೆ ಮಷೀನ್ ಧಬಕ್ಕನೆ ಆರಿದರೆ ಕ್ವಿಕ್ ಬೂಟಿನ ಸ್ಥಿತಿ ಉಳಿಯುವುದಿಲ್ಲ, ಕೆಲವೊಮ್ಮೆ ಕೆಡುತ್ತದೆ ಕೂಡ. ಮುಂದಿನ ಸಲ ಎಮ್ಯುಲೇಟರ್ ಕಪ್ಪು ಪರದೆ ತೋರಿಸುತ್ತ ನಿಂತರೆ ಆಂಡ್ರಾಯ್ಡ್ ಸ್ಟುಡಿಯೋದ ಡಿವೈಸ್ ಮ್ಯಾನೇಜರಿನಲ್ಲಿ ಕೋಲ್ಡ್ ಬೂಟ್ ಕೊಡಿ, ಉಳಿಸಿದ ಸ್ಥಿತಿ ಬಿಟ್ಟು ಮೊದಲಿನಿಂದ ಏಳುತ್ತದೆ. ಅದಕ್ಕೂ ಬಗ್ಗದಿದ್ದರೆ ವೈಪ್ ಡೇಟಾ.

ಆಪ್ ಬೇಗ ತೆರೆಯುತ್ತದೆ, ಸ್ಕ್ರೋಲ್ ಮಾಡಿದರೆ ಮಾತ್ರ ಜರ್ಕ್ ಹೊಡೆಯುತ್ತದೆ.

ಗ್ರಾಫಿಕ್ಸ್ ನೋಡಿ. ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ ಗ್ರಾಫಿಕ್ಸ್ ಸಾಫ್ಟ್‌ವೇರ್ ಎಂದಿದ್ದರೆ ಚಿತ್ರ ಬಿಡಿಸುವ ಕೆಲಸವನ್ನೂ ಪ್ರೊಸೆಸರೇ ಮಾಡುತ್ತಿದೆ. ಅದನ್ನು ಹಾರ್ಡ್‌ವೇರ್ ಮಾಡಿ, ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ. ಹಾರ್ಡ್‌ವೇರ್‌ಗೆ ಹಾಕಿದಾಗ ಪರದೆ ಚಿಂದಿಯಾಗಿ ಕಂಡರೆ ಡ್ರೈವರಿನದೇ ತಕರಾರು.

ಎಮ್ಯುಲೇಟರಿನಲ್ಲಿ ಎಲ್ಲ ಆಪ್ ಚೆನ್ನಾಗಿವೆ, ಒಂದು ಆಪ್ ಮಾತ್ರ ನಿಧಾನ. ಫೋನಿನಲ್ಲಿ ಅದೇ ಆಪ್ ಸರಾಗ.

ಆ ಆಪಿನಲ್ಲಿ ಸಿ ಅಥವಾ ಸಿ++ನಲ್ಲಿ ಬರೆದ ನೇಟಿವ್ ಲೈಬ್ರರಿ ಇರಬಹುದು, ಅದು ಆರ್ಮ್‌ಗೆ ಮಾತ್ರ ಬಿಲ್ಡ್ ಆಗಿರಬಹುದು. ಆಂಡ್ರಾಯ್ಡ್ 11ರ ಎಕ್ಸ್86 ಇಮೇಜುಗಳಿಂದ ಈಚೆಗೆ ಅಂಥ ಆರ್ಮ್ ಕೋಡನ್ನು ಅಲ್ಲಲ್ಲೇ ಭಾಷಾಂತರಿಸಿ ಓಡಿಸುವ ವ್ಯವಸ್ಥೆ ಇದೆ. ಆಪ್ ಬೀಳುವುದಿಲ್ಲ, ಆದರೆ ಆ ಭಾಗ ನಿಧಾನವಾಗುತ್ತದೆ. ಲೈಬ್ರರಿಯನ್ನು ಎಕ್ಸ್86ಗೂ ಬಿಲ್ಡ್ ಮಾಡಿದರೆ ಸರಿಹೋಗುತ್ತದೆ.

ಸಿಮ್ಯುಲೇಟರಿನಲ್ಲಿ ಬೆಣ್ಣೆಯಂತೆ ಓಡಿದ ಆಪ್ ಗ್ರಾಹಕರ ಐಫೋನಿನಲ್ಲಿ ಕುಸಿದು ಬಿತ್ತು. ಹೇಗೆ?

ಹೆಚ್ಚು ಜನ ಎಡವುವುದು ಇಲ್ಲೇ. ಎಮ್ಯುಲೇಟರಿನ ನಿಧಾನ ಕಿರಿಕಿರಿ ಮಾತ್ರ. ಸಿಮ್ಯುಲೇಟರಿನ ವೇಗ ಮೋಸ.

ಸಿಮ್ಯುಲೇಟರಿನ ಆಪಿಗೆ ಮ್ಯಾಕಿನ ಪೂರ್ತಿ ಪ್ರೊಸೆಸರ್ ಸಿಗುತ್ತದೆ, ಮ್ಯಾಕಿನ ಮೆಮೊರಿ ಸಿಗುತ್ತದೆ. ಐಫೋನಿನಲ್ಲಿ ಒಂದು ಆಪ್ ಮಿತಿ ಮೀರಿ ಮೆಮೊರಿ ನುಂಗಿದರೆ ಐಒಎಸ್ ಅದನ್ನು ಕೇಳದೆ ಕೇಳಿಸದೆ ಕೊಂದು ಹಾಕುತ್ತದೆ. ಸಿಮ್ಯುಲೇಟರಿನಲ್ಲಿ ಆ ಮಿತಿ ಇಲ್ಲ. ಬಟ್ಟೆ ಅಂಗಡಿಯ ಆಪ್ ಒಂದು ಪುಟದಲ್ಲಿ ನೂರಾರು ಜೀನ್ಸ್ ಫೋಟೋಗಳನ್ನು ಪೂರ್ತಿ ಗಾತ್ರದಲ್ಲೇ ತೆರೆಯುತ್ತದೆ ಅಂದುಕೊಳ್ಳಿ. ಮ್ಯಾಕಿನಲ್ಲಿ ಏನೂ ಆಗದು. ಹಳೆಯ ಐಫೋನಿನಲ್ಲಿ ಅರ್ಧ ಪುಟ ಸರಿಸುವಷ್ಟರಲ್ಲಿ ಆಪ್ ಮಾಯ. ಡಿಬಗ್ ಮೆನುವಿನಲ್ಲಿ ಮೆಮೊರಿ ವಾರ್ನಿಂಗ್ ಕೊಡುವ ಆಯ್ಕೆ ಇದೆ ನಿಜ. ಅದು ಎಚ್ಚರಿಕೆ ಬಂದಾಗ ನಿಮ್ಮ ಕೋಡ್ ಏನು ಮಾಡುತ್ತದೆ ಎಂದು ತೋರಿಸುತ್ತದೆಯೇ ಹೊರತು ಮೆಮೊರಿಯನ್ನು ಕಡಿಮೆ ಮಾಡುವುದಿಲ್ಲ.

ಕ್ಯಾಮೆರಾ ಕೂಡ ಅಲ್ಲಿಲ್ಲ. ಬಾರ್‌ಕೋಡ್ ಸ್ಕ್ಯಾನ್ ಮಾಡುವ ಗೋದಾಮಿನ ಆಪ್ ಆದರೆ ಅದರ ಮುಖ್ಯ ಕೆಲಸದ ವೇಗವನ್ನು ಸಿಮ್ಯುಲೇಟರಿನಲ್ಲಿ ನೋಡುವ ದಾರಿಯೇ ಇಲ್ಲ. ವೇಗಕ್ಕೆ ಸಂಬಂಧವಿಲ್ಲದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಮ್ಯಾಕಿನ ಡಿಸ್ಕ್ ಸಾಮಾನ್ಯವಾಗಿ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಮಾಡುವುದಿಲ್ಲ, ಐಫೋನ್ ಮಾಡುತ್ತದೆ. ಸಿಮ್ಯುಲೇಟರಿನಲ್ಲಿ ಕಂಡ ಚಿತ್ರ ಫೋನಿನಲ್ಲಿ ಕಾಣದಿದ್ದರೆ ಮೊದಲು ಹೆಸರು ನೋಡಿ.

ಎಮ್ಯುಲೇಟರಿನಲ್ಲಿ 1 ಸೆಕೆಂಡಿಗೆ ತೆರೆಯಿತು ಎಂದು ಗ್ರಾಹಕರಿಗೆ ಹೇಳಬಹುದಾ?

ಬೇಡ್ರಿ. ಆ ಸಂಖ್ಯೆ ನಿಮ್ಮ ಲ್ಯಾಪ್‌ಟಾಪಿನ ಜಾತಕ, ಅವರ ಫೋನಿನದಲ್ಲ.

ಉಪಕರಣಗಳೇ ಇದನ್ನು ಒಪ್ಪುವುದಿಲ್ಲ. ಆಪಿನ ವೇಗ ಅಳೆಯಲು ಗೂಗಲ್ ಕೊಡುವ ಜೆಟ್‌ಪ್ಯಾಕಿನ ಬೆಂಚ್‌ಮಾರ್ಕ್ ಲೈಬ್ರರಿಯನ್ನು ಎಮ್ಯುಲೇಟರಿನಲ್ಲಿ ಓಡಿಸಲು ಹೋದರೆ ಇದು ಎಮ್ಯುಲೇಟರ್ ಎಂದು ದೋಷ ತೋರಿಸಿ ನಿಲ್ಲುತ್ತದೆ. ಬೇಕೆಂದೇ ಆ ದೋಷವನ್ನು ಅದುಮಿಟ್ಟು ಮುಂದೆ ಹೋಗಬಹುದು, ಆದರೆ ಬಂದ ಅಂಕಿಗೆ ಅರ್ಥವಿಲ್ಲ. ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಪ್ ಮಾಡುವ ಫ್ಲಟರಿನಲ್ಲಿ ವೇಗ ಅಳೆಯುವ ಪ್ರೊಫೈಲ್ ಮೋಡ್ ಕೂಡ ನಿಜ ಫೋನಿಗೆಂದೇ ಇರುವುದು.

ಗಂಜ್‌ನಲ್ಲಿ ಹತ್ತಿ ತೂಕ ಬರೆದುಕೊಳ್ಳುವ ಗುಮಾಸ್ತನ ಫೋನನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ರ್‍ಯಾಮ್ ಕಡಿಮೆ, ಸ್ಟೋರೇಜ್ ಇಎಂಎಂಸಿ ಎಂಬ ನಿಧಾನದ ಜಾತಿಯದು, ಅದೂ ವಾಟ್ಸಾಪ್ ವಿಡಿಯೋಗಳಿಂದ ಗಂಟಲವರೆಗೆ ತುಂಬಿದೆ. ನಿಮ್ಮ ಎಮ್ಯುಲೇಟರಿನದು ಎಸ್‌ಎಸ್‌ಡಿ ಮೇಲೆ ಕೂತ ಖಾಲಿ ಡಿಸ್ಕ್. ಡೇಟಾಬೇಸಿನಿಂದ ಓದುವ ಒಂದೇ ಕೋಡ್ ಇಲ್ಲಿ ಒಂದು ಥರ, ಅಲ್ಲಿ ಇನ್ನೊಂದು ಥರ.

ಗೂಗಲ್ ಪ್ಲೇ ನಿಮ್ಮನ್ನು ಅಳೆಯುವುದೂ ಆ ಗುಮಾಸ್ತನ ಫೋನಿನಲ್ಲೇ. ಆಂಡ್ರಾಯ್ಡ್ ವೈಟಲ್ಸ್ ಎಂಬ ಅದರ ಲೆಕ್ಕದಲ್ಲಿ ಕೋಲ್ಡ್ ಸ್ಟಾರ್ಟ್ (ಪೂರ್ತಿ ಮುಚ್ಚಿದ ಆಪ್ ತೆರೆಯುವುದು) 5 ಸೆಕೆಂಡ್ ಅಥವಾ ಹೆಚ್ಚು, ವಾರ್ಮ್ ಸ್ಟಾರ್ಟ್ (ಅರ್ಧ ಎಚ್ಚರವಿರುವುದು) 2 ಸೆಕೆಂಡ್ ಅಥವಾ ಹೆಚ್ಚು, ಹಾಟ್ ಸ್ಟಾರ್ಟ್ (ಹಿನ್ನೆಲೆಯಿಂದ ಮುಂದೆ ಬರುವುದು) 1.5 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅತಿ ನಿಧಾನ. ಬೆರಳು ತಾಕಿ 5 ಸೆಕೆಂಡಾದರೂ ಆಪ್ ಉತ್ತರಿಸದಿದ್ದರೆ ಎಎನ್‌ಆರ್, ಅಂದರೆ ಆಪ್ ಸ್ಪಂದಿಸುತ್ತಿಲ್ಲ ಎಂಬ ದೋಷ. ಎಮ್ಯುಲೇಟರ್ ಒಂದು ವಿಷಯಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತದೆ: ಅದೇ ಮಷೀನ್, ಅದೇ ಸೆಟ್ಟಿಂಗಿನಲ್ಲಿ ನಿನ್ನೆಯ ಕೋಡಿಗಿಂತ ಇವತ್ತಿನ ಕೋಡ್ ಎರಡು ಪಟ್ಟು ಸಮಯ ತೆಗೆದುಕೊಂಡರೆ ಎಲ್ಲೋ ಕೆಟ್ಟಿದೆ ಎಂದು ಅರ್ಥ. ಸಣ್ಣ ಏರುಪೇರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಬೇಸಿಗೆಯಲ್ಲಿ ಫೋನ್ ಕಾದಾಗ ಆಪ್ ನಿಧಾನವಾಗುತ್ತದೆ ಎಂಬ ದೂರು ಬರುತ್ತದೆ. ಅದನ್ನು ಎಮ್ಯುಲೇಟರಿನಲ್ಲಿ ತರಿಸಬಹುದಾ?

ಬೆಂಗಳೂರಿನ ಟೆಸ್ಟಿಂಗ್ ತಂಡಕ್ಕೆ ಹೊಳೆಯದ, ನಮಗೆ ಮಾತ್ರ ಗೊತ್ತಿರುವ ಸಮಸ್ಯೆ ಇದು. ಐಫೋನನ್ನು ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ಬಳಸಿ ಎಂದು ಆಪಲ್ ಹೇಳುತ್ತದೆ. ಏಪ್ರಿಲ್–ಮೇ ತಿಂಗಳ ರಾಯಚೂರು, ಬಳ್ಳಾರಿಯಲ್ಲಿ ನೆರಳಲ್ಲೇ 40 ದಾಟುತ್ತದೆ. ಬೈಕಿನ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿಕೊಂಡು ಮ್ಯಾಪ್ ನೋಡುತ್ತ ಹೋಗುವ ಡೆಲಿವರಿ ಹುಡುಗನ ಫೋನಿನ ಗತಿ ಹೇಳಬೇಕಿಲ್ಲ. ಕಾದ ಫೋನ್ ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರಿನ ವೇಗ ಇಳಿಸುತ್ತದೆ, ಪರದೆಯ ಬೆಳಕು ತಗ್ಗಿಸುತ್ತದೆ.

ಸಿಮ್ಯುಲೇಟರ್, ಎಮ್ಯುಲೇಟರ್ ಎರಡರಲ್ಲೂ ಈ ಕಾವು ಇಲ್ಲ. ಆಂಡ್ರಾಯ್ಡ್ 10ರಿಂದ ಫೋನ್ ಎಷ್ಟು ಕಾದಿದೆ ಎಂದು ಆಪಿಗೆ ತಿಳಿಸುವ ಎಪಿಐ ಇದೆ. ಲ್ಯಾಪ್‌ಟಾಪಿನಿಂದ ಫೋನಿಗೆ ಆದೇಶ ಕಳಿಸುವ ಎಡಿಬಿ ಉಪಕರಣದಿಂದ ಥರ್ಮಲ್ ಸರ್ವಿಸಿಗೆ ಕಮಾಂಡ್ ಕೊಟ್ಟು ಸುಳ್ಳು ಸ್ಥಿತಿಯನ್ನೂ ಹೇಳಿಸಬಹುದು. ನಿಮ್ಮ ಆಪ್ ಆ ಸುದ್ದಿ ಕೇಳಿ ವಿಡಿಯೋ ಗುಣಮಟ್ಟ ಇಳಿಸುತ್ತದೆಯೇ ಎಂದು ನೋಡಲು ಅಷ್ಟು ಸಾಕು, ಪ್ರೊಸೆಸರ್ ಮಾತ್ರ ನಿಜವಾಗಿ ನಿಧಾನವಾಗುವುದಿಲ್ಲ. ಐಫೋನಿಗಾದರೆ ಎಕ್ಸ್‌ಕೋಡ್ 11ರಿಂದ ಡಿವೈಸ್ ಕಂಡೀಶನ್ಸ್‌ನಲ್ಲಿ ಥರ್ಮಲ್ ಸ್ಥಿತಿ ಹೇರುವ ಸೌಲಭ್ಯ ಇದೆ, ಅದು ಕೇಬಲ್ಲಿಗೆ ಹಾಕಿದ ನಿಜ ಫೋನಿಗೆ ಮಾತ್ರ.

ಅಂದ ಹಾಗೆ ಲ್ಯಾಪ್‌ಟಾಪೂ ಕಾಯುತ್ತದೆ. ಮಧ್ಯಾಹ್ನ ಮೂರಕ್ಕೆ ತೆವಳುವ ಎಮ್ಯುಲೇಟರ್ ರಾತ್ರಿ ಹತ್ತಕ್ಕೆ ಓಡಿದರೆ ಆಶ್ಚರ್ಯಪಡಬೇಡಿ. ಹಾಸಿಗೆಯ ಮೇಲಿಟ್ಟು ಗಾಳಿ ಕಿಂಡಿ ಮುಚ್ಚಿದ್ದರಂತೂ ಹಗಲು ರಾತ್ರಿ ಎರಡೂ ಒಂದೇ.

ಫ್ಲಟರ್ ಆಪ್ ಎಲ್ಲ ಕಡೆಯೂ ನಿಧಾನವಾಗಿ ಕಾಣುತ್ತದೆ. ಫ್ಲಟರೇ ನಿಧಾನವಾ?

ಡಿಬಗ್ ಮೋಡಿನಲ್ಲಿ ನೋಡುತ್ತಿದ್ದೀರಿ. ಆ ಮೋಡಿನಲ್ಲಿ ಕೋಡ್ ಓಡುತ್ತ ಓಡುತ್ತ ಕಂಪೈಲ್ ಆಗುತ್ತದೆ, ಅಸರ್ಟ್ ಪರೀಕ್ಷೆಗಳೆಲ್ಲ ಆನ್ ಇರುತ್ತವೆ. ಕೋಡ್ ಬದಲಿಸಿದ ಕೂಡಲೇ ಪರದೆಯಲ್ಲಿ ತೋರಿಸುವ ಹಾಟ್ ರಿಲೋಡಿಗಾಗಿ ಕೊಡುವ ಬೆಲೆ ಅದು. ರಿಲೀಸ್ ಬಿಲ್ಡ್ ಮೊದಲೇ ಕಂಪೈಲ್ ಆಗಿ ಬರುತ್ತದೆ. ಐಒಎಸ್ ಸಿಮ್ಯುಲೇಟರಿನಲ್ಲಿ ಫ್ಲಟರ್ ಡಿಬಗ್ ಮೋಡಿನಲ್ಲಿ ಮಾತ್ರ ಓಡುವುದರಿಂದ ಅಲ್ಲಿ ವೇಗದ ತೀರ್ಪು ಕೊಡುವ ಹಾಗೇ ಇಲ್ಲ. ರಿಯಾಕ್ಟ್ ನೇಟಿವ್‌ನಲ್ಲೂ ಡೆವ್ ಮೋಡ್ ಆಫ್ ಮಾಡದೆ ಮಾತಾಡಬೇಡಿ.

ನೆಟ್‌ವರ್ಕ್ ವೇಗ?

ಎರಡೂ ನಿಮ್ಮ ವೈಫೈಯನ್ನೇ ಬಳಸುತ್ತವೆ. ಸರ್ವರ್ ಅದೇ ಲ್ಯಾಪ್‌ಟಾಪಿನಲ್ಲಿದ್ದರೆ ಸಿಮ್ಯುಲೇಟರಿಗೆ ಲೋಕಲ್‌ಹೋಸ್ಟ್ ಎಂದರೆ ಸಾಕು. ಆಂಡ್ರಾಯ್ಡ್ ಎಮ್ಯುಲೇಟರಿನಲ್ಲಿ ಲೋಕಲ್‌ಹೋಸ್ಟ್ ಎಂದರೆ ಎಮ್ಯುಲೇಟರೇ ಆಗುವುದರಿಂದ 10.0.2.2 ಬಳಸಬೇಕು. ಹೀಗೆ ಒಂದೇ ಮಷೀನಿನೊಳಗೆ ಬಂದ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಕುಷ್ಟಗಿ, ಮಸ್ಕಿ ಕಡೆಯ ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ನಿಂತವರಿಗೆ ಹಾಗೆ ಬರುವುದಿಲ್ಲ. ಎಮ್ಯುಲೇಟರಿನ ಎಕ್ಸ್‌ಟೆಂಡೆಡ್ ಕಂಟ್ರೋಲ್ಸ್‌ನಲ್ಲಿ ಸೆಲ್ಯುಲರ್ ವಿಭಾಗಕ್ಕೆ ಹೋಗಿ ಹಳೆಯ 2ಜಿ ಕಾಲದ ನಿಧಾನ ನೆಟ್ ಆದ ಎಡ್ಜ್ ಆರಿಸಿ ಒಂದು ದಿನ ಕೆಲಸ ಮಾಡಿ. ಮ್ಯಾಕಿನಲ್ಲಿ ನೆಟ್‌ವರ್ಕ್ ಲಿಂಕ್ ಕಂಡೀಶನರ್ ಇದೆ, ಆದರೆ ಅದು ಇಡೀ ಮ್ಯಾಕಿನ ನೆಟ್ಟನ್ನು ಕುಂಟಿಸುತ್ತದೆ. ಕೆಲಸ ಮುಗಿದ ಮೇಲೆ ಆಫ್ ಮಾಡುವುದನ್ನು ಮರೆತು ನೆಟ್ ಕಂಪನಿಗೆ ಬೈಯಬೇಡಿ.

ವಿಂಡೋಸಿನಲ್ಲಿ ಐಒಎಸ್ ಸಿಮ್ಯುಲೇಟರ್ ಸಿಗುತ್ತದಾ?

ಇಲ್ಲ. ಆ ಹೆಸರಿನಲ್ಲಿ ಡೌನ್‌ಲೋಡಿಗೆ ಸಿಗುವ ಕಂಡಕಂಡ ಫೈಲುಗಳನ್ನು ಮುಟ್ಟಬೇಡಿ.

ಬ್ಲೂಸ್ಟಾಕ್ಸ್ ವೇಗವಾಗಿದೆಯಲ್ಲ, ಅದರಲ್ಲೇ ಟೆಸ್ಟ್ ಮಾಡಿದರೆ?

ಅದು ಆಟ ಆಡುವವರಿಗೆಂದು ಮಾಡಿದ್ದು. ಎಪಿಕೆ (ಆಂಡ್ರಾಯ್ಡ್ ಆಪಿನ ಫೈಲು) ತೆರೆಯುತ್ತದೋ ಇಲ್ಲವೋ ನೋಡಲು ಅಡ್ಡಿಯಿಲ್ಲ. ಬೇರೆ ಬೇರೆ ಆಂಡ್ರಾಯ್ಡ್ ಆವೃತ್ತಿ, ಬೇರೆ ಬೇರೆ ಪರದೆ ಅಳತೆ ನೋಡಬೇಕಾದರೆ ಆಂಡ್ರಾಯ್ಡ್ ಸ್ಟುಡಿಯೋದ್ದೇ ಬೇಕು.

ಸರ್ವರಿನಲ್ಲಿ ಸ್ವಯಂಚಾಲಿತ ಟೆಸ್ಟ್ ಓಡಿಸಲು ಎಮ್ಯುಲೇಟರನ್ನು ಹಗುರ ಮಾಡಬಹುದಾ?

ಮಾಡಬಹುದು. ಕಿಟಕಿಯೇ ಇಲ್ಲದೆ, ಬೂಟ್ ಅನಿಮೇಶನ್ ಇಲ್ಲದೆ ಎಬ್ಬಿಸುವ ಆಯ್ಕೆಗಳಿವೆ. ಟೆಸ್ಟಿಗೆ ಬೇಡದ ಆಪುಗಳನ್ನು, ಸೇವೆಗಳನ್ನು ತೆಗೆದುಹಾಕಿದ ಆಟೊಮೇಟೆಡ್ ಟೆಸ್ಟ್ ಡಿವೈಸ್ ಎಂಬ ಇಮೇಜುಗಳು ಆಂಡ್ರಾಯ್ಡ್ 11ರಿಂದ ಈಚಿನವಕ್ಕೆ ಸಿಗುತ್ತವೆ. ಬಾಡಿಗೆ ಸರ್ವರ್ ಆದರೆ ಅದರಲ್ಲಿ ಕೆವಿಎಂ ಸಿಗುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಹಾಗಾದರೆ ಟೆಸ್ಟಿಗೆ ಯಾವ ಫೋನ್ ಕೊಳ್ಳಲಿ?

ಹೊಸದು ಬೇಡ. ಮನೆಯಲ್ಲಿ ಅವ್ವನೋ ಕಾಕಾನೋ ಬಿಟ್ಟ, 2 ಅಥವಾ 3 ಜಿಬಿ ರ್‍ಯಾಮಿನ ಹಳೆಯ ಆಂಡ್ರಾಯ್ಡ್ ಫೋನ್ ಇದ್ದೇ ಇರುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಬೇಡಿ, ತುಂಬಿದ ಹಾಗೆಯೇ ಇರಲಿ. ಡೆವಲಪರ್ ಆಪ್ಶನ್ಸ್ ತೆರೆದು ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಾದರೆ ಕೇಬಲ್ ಇಲ್ಲದೆ ವೈಫೈನಲ್ಲೇ ಜೋಡಿಸಬಹುದು. ಪರದೆಯ ಮೇಲೆಯೇ ಫೋನ್ ಕಾಣಬೇಕೆಂಬ ಆಸೆಯಿದ್ದರೆ ಸ್ಕ್ರ್‌ಸಿಪಿವೈ (scrcpy) ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದು ನಿಜ ಫೋನಿನ ಪರದೆಯನ್ನು ಲ್ಯಾಪ್‌ಟಾಪಿಗೆ ತರುತ್ತದೆ, ಮೌಸಿನಿಂದಲೇ ಒತ್ತಬಹುದು, 8 ಜಿಬಿ ಲ್ಯಾಪ್‌ಟಾಪಿಗೂ ಭಾರವಾಗದು.

ಐಫೋನ್ ಆಪ್ ಮಾಡುವವರಿಗೆ ಈ ಸುಲಭ ದಾರಿ ಇಲ್ಲ. ಆಪ್ ಬೆಂಬಲಿಸುವ ಅತಿ ಹಳೆಯ ಮಾಡೆಲ್ ಯಾವುದೋ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ, ಬ್ಯಾಟರಿ ಹೆಲ್ತ್ ತೀರಾ ಬಿದ್ದಿರದ ಹಾಗೆ ನೋಡಿಕೊಳ್ಳಿ. ಸೋತ ಬ್ಯಾಟರಿಯ ಐಫೋನ್ ತಾನಾಗಿಯೇ ವೇಗ ಇಳಿಸಬಹುದು, ಆಗ ಬಂದ ಅಳತೆ ನಿಮ್ಮ ಆಪಿನದೋ ಬ್ಯಾಟರಿಯದೋ ಎಂದು ತಿಳಿಯದೆ ಮತ್ತೆ ಇದೇ ಪ್ರಶ್ನೆ ಹಿಡಿದು ಬರುತ್ತೀರಿ.